ಬಾಗಿಲು ಹಾಕಿ ಬಡಿಸಿದ ಎಲೆ

ನಾಯಿ ಸಾಕುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: "ಕುಛ್ ನಹೀ ಕರೇಗಾ, ಆಂಟಿ." ಏನೂ ಮಾಡುವುದಿಲ್ಲವಂತೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯಬೇಕು ಎಂಬುದು ಶೀಲಾವತಿ ಕಲಿತ ಮೊದಲ ಪಾಠ. ಕಲಿಸಿದ್ದು ಮುಂಬಯಿಯ ಮಾಟುಂಗದ ಒಂದು ಗಿಡ್ಡ ನಾಯಿ. ಕಲಿಸಿದ ಜಾಗ ಆಕೆಯ ಎಡಗಾಲಿನ ಮೀನಖಂಡ. ಇನ್ನೊಬ್ಬರು ತಮ್ಮ ಬಿಳಿ ಜೂಲು ನಾಯಿಯನ್ನು ಬಿಟ್ಟುಹೋಗುವಾಗ "ಏನು ಕೊಟ್ಟರೂ ತಿನ್ನುತ್ತದೆ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಪಾಪ. ಕೊಡದಿದ್ದದ್ದನ್ನೂ ಅದು ತಿಂದಿತು. ಮಗಳು ಯಕ್ಷಿತಾಳ ಆಫೀಸಿನ ಚಪ್ಪಲಿ, ಟಿವಿಯ ರಿಮೋಟು, ಗೋಡೆಯ ಮೂಲೆಯ ಒಂದಿಷ್ಟು ಗಾರೆ.

ಶೀಲಾವತಿಗೆ ಈ ಉಸಾಬರಿ ಬೇಕಿತ್ತೇ? ಉಡುಪಿ ಕಡೆಯ ಆಕೆಯ ತವರಿನಲ್ಲಿ ನಾಯಿ ಎಂದರೆ ಅಂಗಳದ ಪ್ರಾಣಿ, ಹೊಸ್ತಿಲು ದಾಟಿದರೆ ಕೋಲು. ಆದರೆ ಗಂಡ ಧನರಾಜ್ ತೀರಿಕೊಂಡ ಮೇಲೆ ಸಯನ್ನಿನ ಆ ನೆಲಮಹಡಿಯ ಖೋಲಿಮನೆ ಹಗಲಿಡೀ ಗಪ್ಪೆನ್ನುತ್ತಿತ್ತು. ಮಗಳು ಎಂಟಕ್ಕೆ ಲೋಕಲ್ ಹಿಡಿದರೆ ಬರುವುದು ರಾತ್ರಿ ಎಂಟಕ್ಕೆ. ಊರಿಗೆ ಹೋಗುವವರ ನಾಯಿಗಳನ್ನು ನೋಡಿಕೊಳ್ಳುವ ಯೋಚನೆ ಅವಳದೇ. "ಮಮ್ಮಿ, ತುಮ್ ಕೋ ಟೈಮ್‌ಪಾಸ್ ಆಗ್ತದೆ" ಎಂದಳು. ಆಯಿತು, ಟೈಮು ಚೆನ್ನಾಗಿಯೇ ಪಾಸಾಯಿತು. ಬೊಗಳಾಟಕ್ಕೆ ಮೂರನೆಯ ಮಹಡಿಯವರೂ ಇಣುಕಿ ನೋಡುವಷ್ಟು.

ಮೋತ್ಯಾ ಬಂದದ್ದು ತುಳುವರ ಆಷಾಢವಾದ ಆಟಿ ತಿಂಗಳಲ್ಲಿ, ಜಡಿಮಳೆಯ ಒಂದು ಸೋಮವಾರ. ಹನ್ನೆರಡು ವರ್ಷದ ಕರಿ ಬೀದಿನಾಯಿ, ಬಲಗಿವಿ ಅರ್ಧ ಇಲ್ಲ. ಅವನನ್ನು ಸಾಕಿದ್ದು ಪರೇಲಿನ ಚಾಳಿನಲ್ಲಿ ಒಂಟಿಯಾಗಿದ್ದ ನೀಲಾಬಾಯಿ ಎಂಬ ಮುದುಕಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಮಗಳು ಸೋನಾಲಿ ಇದ್ದದ್ದು ಮುಂಬಯಿ ಪಕ್ಕದ ಠಾಣೆ ಪಟ್ಟಣದಲ್ಲಿ. ಅವಳ ಗಂಡನಿಗೆ ನಾಯಿಯ ಕೂದಲೆಂದರೆ ಉಬ್ಬಸ. "ಐದು ದಿನ, ಆಂಟಿ" ಎಂದಳು. ಏನು ತಿನ್ನುತ್ತದೆ ಎಂದು ಕೇಳಿದ್ದಕ್ಕೆ "ಸಬ್ ಕುಛ್ ಖಾತಾ ಹೈ", ಎಲ್ಲ ತಿನ್ನುತ್ತದೆ, ಎಂದು ತಟ್ಟೆ, ಹಾಸುವ ಗೋಧಡಿ ಇಟ್ಟು ಟ್ಯಾಕ್ಸಿ ಹತ್ತಿಬಿಟ್ಟಳು.

ಮೋತ್ಯಾ ಮಂಚದ ಕೆಳಗೆ ಹೊಕ್ಕವನು ಹೊಕ್ಕವನೇ. ಹಾಲನ್ನ ಇಟ್ಟರೆ ಮೂಸಲಿಲ್ಲ. ಕೋಳಿ ಬೇಯಿಸಿಟ್ಟರೆ ಗುರ್ರೆಂದ. ಶೀಲಾವತಿ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, "ತಿನ್ನು ಮಾರಾಯಾ, ಒಂದು ತುತ್ತು ತಿನ್ನು. ಎಂತ ಮಾಡಿದೆ ನಾನು ನಿನಗೆ?" ಎಂದು ಗೋಗರೆದಳು. ಅವನು ಮುಖ ಗೋಡೆಗೆ ತಿರುಗಿಸಿದ. ಆಕೆ ಕಾಯುತ್ತ ಎದುರೇ ಕುಳಿತಳು, ಒಂದು ಗಂಟೆ, ಎರಡು ಗಂಟೆ. ಕುಳಿತಷ್ಟೂ ಅವನು ಗೋಡೆಯೊಳಗೇ ಹೋಗುವವನಂತೆ ಹಿಂದೆ ಸರಿದ.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ವಾರ್ಡಿನಿಂದ ಫೋನು. ನೀಲಾಬಾಯಿ ಕೇಳುತ್ತಿದ್ದದ್ದು ಒಂದೇ ಮಾತು: "ಮೋತ್ಯಾ ಜೇವ್ಲಾ ಕಾ?" ಉಂಡನೇ? ಮೊದಲ ದಿನ ಶೀಲಾವತಿ ಸತ್ಯ ಹೇಳಿದಳು, ಇಲ್ಲವೆಂದಳು. ಅತ್ತ ಮುದುಕಿ ಹೋ ಎಂದು ಅಳತೊಡಗಿದ್ದು, ನರ್ಸು ಗದರಿದ್ದು ಕೇಳಿಸಿತು. ಸಂಜೆ ಸೋನಾಲಿಯ ಫೋನು: ಅಮ್ಮನ ಬಿಪಿ ಏರಿ ಆಪರೇಷನ್ ಮುಂದೆ ಹೋಯಿತು, ದಯವಿಟ್ಟು ಇಂಥದ್ದೆಲ್ಲ ಹೇಳಬೇಡಿ. ಮರುದಿನದಿಂದ ಶೀಲಾವತಿ, ಪ್ರಶ್ನೆ ಮುಗಿಯುವ ಮೊದಲೇ, "ಜೇವ್ಲಾ, ಜೇವ್ಲಾ" ಎಂದು ಗಡಿಬಿಡಿಯಲ್ಲಿ ಹೇಳಿಬಿಡುತ್ತಿದ್ದಳು. ಅತ್ತಲಿಂದ "ಬರಂ", ಒಳ್ಳೆಯದು, ಎಂಬ ಒಂದು ಸಣ್ಣ ದನಿ ಬಂದು ಫೋನು ಕಡಿಯುತ್ತಿತ್ತು. ನಾಯಿ ಡಾಕ್ಟರು ಬಂದು ಸೂಜಿ ಹಾಕಿ, ಮುದಿ ಜೀವ, ಇನ್ನು ಎರಡು ಮೂರು ದಿನ ಹೀಗೇ ಹೋದರೆ ಉಳಿಯುವುದಿಲ್ಲ ಎಂದರು. ಶೀಲಾವತಿಗೆ ಅತ್ತ ದರಿ ಇತ್ತ ಪುಲಿ. ಇಲ್ಲಿ ನಾಯಿ ಸತ್ತರೆ ಅಲ್ಲಿ ಮುದುಕಿಯೂ ಸಾಯುತ್ತಾಳೆ ಎಂಬ ಹೆದರಿಕೆಯಲ್ಲಿ ಆಕೆಯ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

ಇಷ್ಟರಲ್ಲಿ ಭಾನುವಾರ ಬಂತು. ಧನರಾಜ್ ಹೋದ ಮೇಲಿನ ಮೊದಲ ಆಟಿ. ಅವನಿಗೆ ಎಲೆಯಲ್ಲಿ ಬಡಿಸಬೇಕು. ತುಳುನಾಡಿನ ಮನೆಗಳ ಕ್ರಮ ಅದು. ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು. ನೋಡುತ್ತ ನಿಂತರೆ ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ಕೆಮ್ಮಿಯೇ ಬಾಗಿಲು ತೆರೆಯಬೇಕು. ಊರಲ್ಲಿ ಕತ್ತಲಾದ ಮೇಲೆ ಮಾಡುತ್ತಾರೆ. ದಹಿಸರಿನಿಂದ ಬರುವ ಭಾವ ದೂಜ ಮಾತ್ರ, "ಮಧ್ಯಾಹ್ನವೇ ಮುಗಿಸುವ, ಸಂಜೆ ನನಗೆ ಹೋಟೆಲು ಉಂಟು. ಮುಂಬಯಿಯಲ್ಲೇ ಜೀವ ಸವೆಸಿದವನು ನನ್ನ ತಮ್ಮ, ಅವನಿಗೆ ಇದೆಲ್ಲ ಗೊತ್ತಾಗ್ತದೆ" ಎಂದಿದ್ದರು. ಖೋಲಿ ಇದ್ದದ್ದು ಭಾವನ ಹೆಸರಿನಲ್ಲಿ. ತಮ್ಮ ಹೋದ ಮೇಲೆ ಅತ್ತಿಗೆ, ನಾದಿನಿಯರು ಏನೇನೋ ಅಂದರೂ, "ಶೀಲಾ ಅಲ್ಲೇ ಇರ್ತಾಳೆ" ಎಂದು ಎಲ್ಲರ ಬಾಯಿ ಮುಚ್ಚಿಸಿದ ಮನುಷ್ಯ.

ಭಾವ ಬರುವ ಮೊದಲು ಮೋತ್ಯಾನನ್ನು ಪಕ್ಕದ ಮನೆಯ ಪ್ರಫುಲ್ಲಾಳ ಗ್ಯಾಲರಿಗೆ ಸಾಗಿಸಬೇಕೆಂದು ಶೀಲಾವತಿ ಎಣಿಸಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕೋರಿ ಗಸಿ ಒಂದು ಒಲೆಯಲ್ಲಿ, ಬಂಗುಡೆ ಇನ್ನೊಂದರಲ್ಲಿ, ನೀರುದೋಸೆಯ ಹಿಟ್ಟು ಕೈಯಲ್ಲಿ. ಭಾವ ಅರ್ಧ ಗಂಟೆ ಮೊದಲೇ ಬಂದುಬಿಟ್ಟರು. ಆರು ದಿನದಿಂದ ಮಂಚದಡಿ ಸದ್ದಿಲ್ಲದೆ ಬಿದ್ದಿದ್ದ ಜೀವ, ಯಾರಿಗೆ ನೆನಪಿರುತ್ತದೆ? ಮಂಚದ ಎದುರೇ ಎಲೆ ಹಾಕಿದರು, ಧನರಾಜನಿಗೆ ಪ್ರಾಣವಾದ ಚಟ್ಟಂಬಡೆಯನ್ನೂ ಇಟ್ಟು ಕೈಮುಗಿದರು, ಬಾಗಿಲು ಎಳೆದುಕೊಂಡು ಹೊರಗೆ ನಿಂತರು.

ಒಂದು ನಿಮಿಷ ಕಳೆಯಿತೋ ಇಲ್ಲವೋ, ಒಳಗಿನಿಂದ ಸದ್ದು. ಚಪ್, ಚಪ್, ಚಪ್.

ದೂಜ ಭಾವ ಮುಗಿದ ಕೈಯಲ್ಲೇ ಬಾಗಿಲಿಗೆ ಕಿವಿ ಕೊಟ್ಟರು. "ಬಂದ, ಶೀಲಾ," ಎಂದರು ಪಿಸುದನಿಯಲ್ಲಿ. "ನಮ್ಮ ಧನು ಬಂದ. ಕೇಳ್ತದಾ?" ಅರವತ್ತೆಂಟು ವರ್ಷದ ಮನುಷ್ಯನ ಕಣ್ಣಿಂದ ನೀರು ದಳದಳ ಇಳಿಯಿತು. ಯಕ್ಷಿತಾ ಬಾಯಿಗೆ ಕೈ ಇಟ್ಟುಕೊಂಡು, "ಮಮ್ಮಿ... ಮೋತ್ಯಾ" ಎಂದಳು.

ಆ ಕ್ಷಣ ಶೀಲಾವತಿಗೆ ಮೊದಲು ಅನಿಸಿದ್ದು ಏನು ಗೊತ್ತೇ? ಅಯ್ಯೋ, ಗಂಡನ ಎಲೆ ಎಂದಲ್ಲ. ಅಬ್ಬ, ಉಂಡ! ಎಂದು. ಅನಿಸಿದ್ದಕ್ಕೆ ನಾಚಿಕೆಯಾಗಿ ಆಕೆ ತಲೆ ತಗ್ಗಿಸುವಷ್ಟರಲ್ಲಿ ಭಾವ ಬಾಗಿಲು ತಳ್ಳಿದ್ದರು. ಎಲೆ ಕಸಿಯಲು ಹೋದ ಅವರ ಕೈಯನ್ನು ಮೋತ್ಯಾ ಕಚ್ಚಿ ಹಿಡಿದ.

ರಕ್ತ ಒರೆಸಿ, ಆಸ್ಪತ್ರೆಗೆ ಓಡಿ, ಸೂಜಿ ಹಾಕಿಸಿ ಬಂದಾಯಿತು. ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಮೆಟ್ಟುತ್ತ, "ಒಂದು ವರ್ಷ ಕಾದಿದ್ದೆ ನಾನು, ತಮ್ಮನಿಗೆ ಒಂದು ತುತ್ತು ಕೊಡಲಿಕ್ಕೆ" ಎಂದಷ್ಟೇ ಹೇಳಿ ಹೋದರು.

ಸೋಮವಾರ ಶೀಲಾವತಿ ತಟ್ಟೆಯಲ್ಲಿ ಕೋಳಿ ಅನ್ನ ಇಟ್ಟು ಎದುರು ಕುಳಿತಳು. ಮೋತ್ಯಾ ಗೋಡೆಗೆ ಮುಖ ಮಾಡಿದ. ಆಗ ಹೊಳೆಯಿತು. ಉಳಿದಿದ್ದ ಬಾಳೆಲೆಯ ತುದಿ ಕೊಯ್ದು ಬಡಿಸಿದಳು, ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಸ್ವಲ್ಪ ಹೊತ್ತಿಗೆ ಚಪ್ ಚಪ್. ಮೂರು ಸಲ ಕೆಮ್ಮಿ ತೆರೆದರೆ ಎಲೆ ತೊಳೆದಿಟ್ಟಂತಿತ್ತು. ಮೋತ್ಯಾ ಮಂಚದ ಹೊರಗೆ ಬಂದು ಕುಳಿತಿದ್ದ.

ಹನ್ನೊಂದಕ್ಕೆ ಫೋನು ಬಂದಾಗ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು ಆಕೆ "ಜೇವ್ಲಾ!" ಎಂದಳು. ಅತ್ತಲಿಂದ, "ಆಜ್ ಖರಂಚ್ ಜೇವ್ಲಾ, ನಾ?" ಇವತ್ತು ನಿಜವಾಗಿಯೂ ಉಂಡ, ಅಲ್ಲವೇ? ಶೀಲಾವತಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನೀಲಾಬಾಯಿ ನಕ್ಕಳು. ಇಷ್ಟು ದಿನ ನೀನು ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಡುತ್ತಿದ್ದೆ, ಸ್ವರದಲ್ಲೇ ಗೊತ್ತಾಗುತ್ತದಲ್ಲ, ಎಂದಳು. ಬಾಗಿಲು ಹಾಕಿದ್ದನ್ನು ಶೀಲಾವತಿ ಹೇಳಿದಾಗ ಮತ್ತೆ ನಕ್ಕಳು. ಬೀದಿಯಲ್ಲಿ ಹುಟ್ಟಿದವನು ಅವನು, ಯಾರಾದರೂ ನೋಡುತ್ತಿದ್ದರೆ ಕಸಿಯಲು ಬಂದವರೇ ಎಂದುಕೊಳ್ಳುತ್ತಾನೆ, ನಾನೂ ತಟ್ಟೆ ಇಟ್ಟು ಬಾಗಿಲು ಮುಚ್ಚುತ್ತೇನೆ, ಸೋನಾಲಿ ಹೇಳಲಿಲ್ಲವೇ?

ಸೋನಾಲಿ ಹೇಳಿರಲಿಲ್ಲ. ಆರು ದಿನ ತಾನು ಪ್ರೀತಿಯಿಂದ ಎದುರು ಕುಳಿತೇ ಅವನನ್ನು ಉಪವಾಸ ಕೆಡವಿದ್ದೆ ಎಂಬುದು ಶೀಲಾವತಿಗೆ ಅರ್ಥವಾಯಿತು.

ಆಪರೇಷನ್ ಆಯಿತು. ಆದ ಮೂರನೆಯ ದಿನ ಬೆಳಿಗ್ಗೆ ನೀಲಾಬಾಯಿಯ ಹೃದಯ ನಿಂತಿತು. ಹನ್ನೊಂದು ಹೊಡೆದು ಹೋಯಿತು, ಫೋನು ಬರಲಿಲ್ಲ. ಮೋತ್ಯಾ ಆಗ ಶೀಲಾವತಿಯ ಪಾದದ ಮೇಲೆ ಗಲ್ಲ ಇಟ್ಟು ಮಲಗಿದ್ದ.

ಕ್ರಿಯೆಯೆಲ್ಲ ಮುಗಿದ ಮೇಲೆ ಸೋನಾಲಿ ಬಂದಳು, ಅತ್ತು ಅತ್ತು ಮುಖ ಬಾತಿತ್ತು. ವಿರಾರಿನ ಆಚೆ ನಾಯಿಗಳ ಆಶ್ರಮವೊಂದಿದೆ, ಅಲ್ಲಿ ಮಾತಾಡಿದ್ದೇನೆ ಎಂದಳು. ಶೀಲಾವತಿ ಅಡುಗೆಮನೆಗೆ ಹೋಗಿ ಭಾವನಿಗೆ ಫೋನು ಮಾಡಿದಳು. "ಭಾವ, ಅದಕ್ಕೆ ಇನ್ನು ಯಾರೂ ಇಲ್ಲ. ಹೆಚ್ಚೆಂದರೆ ಒಂದು ವರ್ಷ, ಎರಡು ವರ್ಷ ಬದುಕೀತು. ನಾನು ಇಟ್ಟುಕೊಳ್ಳಲಾ?"

"ನೀನು ಆ ಮನೆಯಲ್ಲಿ ಸಾಯುವ ತನಕ ಇರು, ಯಾರೂ ಕೇಳುವುದಿಲ್ಲ," ಎಂದರು ದೂಜ ಭಾವ. "ಆದರೆ ಆ ನಾಯಿ ಬೇಡ. ಆ ಸದ್ದು ಕೇಳಿ ನಾನು ನಂಬಿಬಿಟ್ಟೆ, ಶೀಲಾ. ನನ್ನ ತಮ್ಮ ಬಂದ ಅಂತ ನಂಬಿದೆ." ಆಕೆ ಫೋನು ಇಟ್ಟು ಹೊರಗೆ ಬಂದು ಮೋತ್ಯಾನ ತಟ್ಟೆ, ಗೋಧಡಿ ತಂದಿಟ್ಟಳು.

ಹಗ್ಗ ಕಟ್ಟುತ್ತಿದ್ದ ಸೋನಾಲಿಗೆ ಆಕೆ ಮತ್ತೆ ಮತ್ತೆ ಹೇಳಿದಳು. ಎಲೆ ಇಲ್ಲದಿದ್ದರೂ ಅಡ್ಡಿಯಿಲ್ಲ, ಬಡಿಸಿ ಬಾಗಿಲು ಹಾಕಬೇಕು, ಎದುರು ನಿಲ್ಲಬಾರದು, ತೆರೆಯುವಾಗ ಕೆಮ್ಮಬೇಕು. "ಹಾಂ ಆಂಟಿ, ಹಾಂ ಹಾಂ" ಎಂದಳು ಸೋನಾಲಿ. ಯಕ್ಷಿತಾ ಅದನ್ನೇ ಮರಾಠಿಯಲ್ಲಿ ಚೀಟಿ ಬರೆದು ಗೋಧಡಿಗೆ ಪಿನ್ನು ಹಾಕಿದಳು. ಮೋತ್ಯಾ ಟೆಂಪೋ ಹತ್ತುವಾಗ ಗುರ್ರೆನ್ನಲೂ ಇಲ್ಲ. ಶೀಲಾವತಿಯೂ ಹತ್ತುತ್ತಾಳೆ ಎಂದುಕೊಂಡನೋ ಏನೋ, ಒಂದು ಬದಿಗೆ ಸರಿದು ಜಾಗ ಬಿಟ್ಟು ಕುಳಿತ.

ಮರುದಿನ ಹನ್ನೊಂದಕ್ಕೆ ಆಕೆಯೇ ಆಶ್ರಮಕ್ಕೆ ಫೋನು ಮಾಡಿದಳು. ಹಿಂದೆ ಐವತ್ತು ಅರವತ್ತು ನಾಯಿಗಳ ಬೊಗಳಾಟ. "ಮೋತ್ಯಾ ಜೇವ್ಲಾ ಕಾ?" ಎಂದಳು. ಅಲ್ಲಿನ ಗಂಡಸು ಒಳ್ಳೆಯವನೇ. ಇಲ್ಲ ಬಾಯಿ, ಹೊಸದಲ್ಲವೇ, ತಿನ್ನುತ್ತಾನೆ ಎಂದ. ಬಾಗಿಲು ಹಾಕಿದ್ದಿರಾ ಎಂದು ಕೇಳಿದಳು. "ಇಲ್ಲಿ ಬಾಗಿಲು ಎಲ್ಲಿದೆ, ಬಾಯಿ? ಎಲ್ಲ ತಂತಿಯ ಜಾಳಿಯೇ" ಎಂದ ಅವನು. ಒಂದು ಗೋಣಿಯಾದರೂ ಅಡ್ಡ ಕಟ್ಟಿ ಎಂದು ಬೇಡಿಕೊಂಡಳು. ಅವನು ಅಯ್ಯೋ ಎಂದು ನಕ್ಕ. ಹೇಳುತ್ತ ಹೇಳುತ್ತ ಆಕೆಗೆ ಅಳು ಬಂದುಬಿಟ್ಟಿತು. ಅವನು ಗಾಬರಿಯಾಗಿ ಅಳಬೇಡಿ ಬಾಯಿ, ಅಳಬೇಡಿ ಎಂದ.

ಅದರ ಮರುದಿನ ಮತ್ತೆ ಮಾಡಿದಳು. "ಮೋತ್ಯಾ..." ಎನ್ನುವಷ್ಟರಲ್ಲೇ ಅತ್ತಲಿಂದ ಗಡಿಬಿಡಿಯ ಸ್ವರ ಬಂತು:

"ಜೇವ್ಲಾ, ಜೇವ್ಲಾ."

ಶೀಲಾವತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ "ಬರಂ" ಎಂದು ಇಟ್ಟಳು.