ಕಿವಿಕಲ್ಲು

ಟಿಕ್ ಎಂದಿತು. ಗಂಡನ ಬಿಳಿ ಅಂಗಿಗೆ ಗುಂಡಿ ಹಾಕಲು ಸೂಜಿ ಹುಡುಕುತ್ತಿದ್ದವಳ ಕೈ ಹೊಲಿಗೆ ಡಬ್ಬಿಯೊಳಗೇ ನಿಂತಿತು. ದಾರದುಂಡೆಗಳ ಕೆಳಗೆ ಕುಂಬಳಬೀಜದಷ್ಟು ಎರಡು ಬಿಳಿ ಕಲ್ಲು.

"ಅಕ್ಕಾ, ಬೇಗ. ಭಾವನ್ನ ಎತ್ತೋ ಮುಂಚೆ ಅಂಗಿ ತೊಡಿಸೋದೊಂದೇ ಬಾಕಿ," ಎಂದ ಬಾಗಿಲಲ್ಲಿ ನಿಂತ ತಮ್ಮ. ಮೀನು ಹಿಡಿಯುವವನು, ಇವತ್ತು ಮಾತ್ರ ಮೆತ್ತಗೆ ಮಾತಾಡುತ್ತಿದ್ದ.

ಅವನ ಹಿಂದೆಯೇ ಗಂಡನ ಸಂಶೋಧನೆಯ ಸಹಾಯಕಿಯೂ ಬಂದಳು. ಯಾರೂ ಬಲೆ ಹಾಕಬಾರದೆಂದು ಗೆರೆ ಎಳೆದಿಟ್ಟ ಕೊಲ್ಲಿಯಲ್ಲಿ ವರ್ಷವರ್ಷವೂ ಗಂಡನ ಜೊತೆ ಮುಳುಗಿ ಮೀನು ಎಣಿಸಿದವಳು. ಅತ್ತು ಅತ್ತು ಕಣ್ಣು ಊದಿತ್ತು. ಹೆಂಡತಿಯ ಕಣ್ಣಿಗಿಂತ ಹೆಚ್ಚೇ ಊದಿತ್ತು.

"ಕೊನೆ ತನಕ ಸರ್‌ಗೆ ಒಂದೇ ಕೊರಗು ಅಕ್ಕಾ. ರಾಣಿ ಎಲ್ಲಿ ಹೋದ್ಲು ಅಂತ."

"ನನ್ನ ಹತ್ರ ಹೇಳ್ಲಿಲ್ಲ."

"ಅಂಥ ಹಳೇ ಬಂಡೆಮೀನು ಒಂದು ಇಡೋವಷ್ಟು ಮೊಟ್ಟೆ, ಸಣ್ಣವು ನೂರು ಸೇರಿದ್ರೂ ಇಡಲ್ಲ. ಅವಳು ಹೋದ್ಮೇಲೆ ಮರಿಗಳು ಕಮ್ಮಿಯಾಗ್ತಾನೇ ಬಂದ್ವು. ನೀರು ಬಿಸಿಯಾಗಿದ್ದಕ್ಕೆ ಅಂತ ನಾನು. ನಾನೇ ಹತ್ತಿರ ಹೋಗಿ ಹೋಗಿ ಓಡಿಸ್ದೆ ಅಂತ ಅವರು."

ತಮ್ಮ ಗೋಡೆ ನೋಡತೊಡಗಿದ.

*

ರಾಣಿ ಕಾಣೆಯಾದ ಆ ವರ್ಷ, ತಟ್ಟೆ ಮುಂದೆ ಕೂತರೆ ಗಂಡನ ಬಾಯಲ್ಲಿ ಅವಳದೇ ಸುದ್ದಿ. "ಇವತ್ತು ಅಲುಗಾಡ್ಲೇ ಇಲ್ಲ ಕಣೇ. ನಾವಿಬ್ರೂ ನೋಡ್ತಾನೇ ಇದ್ವಿ."

ನಾವಿಬ್ಬರು! ಒಬ್ಬಳು ಸಾಲದೆಂದು ಇಬ್ಬರು ಸವತಿಯರು. ಒಬ್ಬಳಿಗೆ ಕಾಲು, ಇನ್ನೊಬ್ಬಳಿಗೆ ಬಾಲ.

"ಆ ರಾಣೀನೇ ತಂದ್ಕೊಡೋ," ಎಂದಳು ತಮ್ಮನಿಗೆ.

"ಭಾವನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

"ತಿನ್ನೋರೇ ನಿನ್ನ ಭಾವ."

ಮೀನುಸಾರನ್ನು ಗಂಡ ಎರಡು ಸಲ ಬಡಿಸಿಕೊಂಡ. "ನಿನ್ನ ಕೈರುಚಿಗೆ ಸಾಟಿಯಿಲ್ಲ ಬಿಡು," ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ. ತಲೆ ಸೀಳುವಾಗ ಸಿಕ್ಕಿದ್ದ ಕಲ್ಲುಗಳನ್ನು ಆಕೆ ಆಗಲೇ ತೊಳೆದು ಎತ್ತಿಟ್ಟಿದ್ದಳು.

*

"ಮೂಳೆ ಕೂಡ ಸಿಗ್ಲಿಲ್ಲ," ಎಂದು ಸಹಾಯಕಿ ಮೂಗೊರೆಸಿಕೊಂಡಳು. "ಕಿವಿಯೊಳಗಿನ ಕಲ್ಲು ಸಿಕ್ಕಿದ್ರೂ ಸಾಕಿತ್ತು. ಮರದ ಥರ ಸುತ್ತು ಸುತ್ತು ಇರತ್ತೆ, ವಯಸ್ಸು ಓದಬಹುದು. ಸತ್ಲು ಅಂತಾದ್ರೂ ಗೊತ್ತಾಗಿದ್ರೆ ಸರ್ ತಮ್ಮನ್ನೇ ತಾವು ಬೈಕೊಳ್ತಿರ್ಲಿಲ್ಲ."

ಮಾತು ಹೆಂಡತಿಯ ನಾಲಿಗೆಯ ತುದಿಗೆ ಬಂದಿತ್ತು.

"ಸರ್ ವಿಷಯದಲ್ಲಿ ನಂಗೆ ಗೊತ್ತಿಲ್ಲದ್ದು ಅಂತ ಏನೂ ಇಲ್ಲ ಅಕ್ಕಾ. ಇದೊಂದು ಬಿಟ್ಟು."

ಆಕೆ ಬಾಯಿ ಮುಚ್ಚಿದಳು. ಯಾರಿಗೂ ಹೇಳುವುದಿಲ್ಲ. ಇದೊಂದಾದರೂ ತನ್ನದಾಗಿರಲಿ.

ಗುಂಡಿ ಹೊಲಿದಳು. ಅಂಗಿಯ ಮಡಿಕೆಯ ಮರೆಯಲ್ಲಿ ಕಲ್ಲುಗಳನ್ನು ಜೇಬಿಗೆ ಇಳಿಬಿಟ್ಟು, ಜೇಬಿನ ಬಾಯಿಗೂ ಒತ್ತೊತ್ತಾಗಿ ಹೊಲಿಗೆ ಹಾಕತೊಡಗಿದಳು.

"ಜೇಬು ಯಾಕಕ್ಕಾ?" ಎಂದ ತಮ್ಮ.

"ಬಿಚ್ಚಿತ್ತು," ಎಂದು ಆಕೆ ದಾರವನ್ನು ಹಲ್ಲಲ್ಲಿ ಕಡಿದಳು.