ಅರ್ಧ ಕೊಯ್ದ ಕೊಂಬೆ

"ಇನ್ನೂ ಎಳಿ, ಪೂರ್ತಿ ಉದ್ದ ಮಾಡು," ಎಂದು ಭಾವ, ಒಂದರೊಳಗೊಂದು ಸೇರುವ ಗರಗಸದ ಕೋಲಿನ ಕೊನೆಯ ತುಂಡನ್ನೂ ಪಕ್ಕದ ಮನೆಯವನಿಂದ ಹೊರಗೆಳೆಸಿದರು. ಕೋಲಿನ ತುದಿ ಕುಡಿದವನ ಹಾಗೆ ತೂರಾಡಿತು. ಗೇಟಿಗೆ ಅಡ್ಡವಾಗಿ ಜೋತುಬಿದ್ದ ಕೊಂಬೆ ಹೋಗದೆ ಹೆಣದ ವ್ಯಾನು ಒಳಗೆ ಬರುವಂತಿರಲಿಲ್ಲ.

ಸತ್ತವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಮೈ ಉರಿಯಿತು. ಇಷ್ಟು ಗಂಡಸರಲ್ಲಿ ಒಬ್ಬನಿಗಾದರೂ ಗರಗಸ ಹಿಡಿಯಲು ಬರಬೇಡವೇ?

"ರಸ್ತೆವರೆಗೆ ಹೊತ್ಕೊಂಡು ಹೋಗಿ ಹತ್ತಿಸೋಣ, ಬಿಡಮ್ಮ," ಎಂದರು ಭಾವ.

"ಬೇಡ. ಸಾಯೋದ್ರಲ್ಲೂ ಅರೆಬರೆ ಅಂತಾರೆ. ಮನೆ ಬಾಗಿಲಿಂದ್ಲೇ ಹೋಗ್ಲಿ."

ಅರೆಬರೆ ಎಂಬುದು ಸತ್ತವನಿಗೆ ಬೀದಿಯವರು ಕರೆಯುವ ಹೆಸರು. ಇಟ್ಟವಳು ಅವಳೇ. ಗೇಟಿಗೆ ಅರ್ಧ ಬಣ್ಣ, ಮೆಟ್ಟಿಲಿಗೆ ಅರ್ಧ ಸಿಮೆಂಟು, ಈ ಕೊಂಬೆಗೆ ಅರ್ಧ ಗರಗಸ. ಇನ್ನೇನೆಂದು ಕರೆಯಬೇಕಿತ್ತು?

*

ಗರಗಸ ಕೊಂಡ ದಿನವೇ ಅಂಗಡಿಯವನು ಹೇಳಿದ್ದ: "ನಿಮ್ಮ ಮರಕ್ಕೆ ಚಿಕ್ಕದು ಸಾಕು ಸಾರ್. ಉದ್ದ ಆದಷ್ಟೂ ತುದಿ ಅಲ್ಲಾಡುತ್ತೆ, ಕೈ ಸೋಲುತ್ತೆ."

ಗಂಡ ಎಲ್ಲಕ್ಕಿಂತ ಉದ್ದದ್ದನ್ನೇ ಹೊತ್ತು ತಂದ. ಅವಳು ಕಿಟಕಿಯ ಬಳಿ ಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಸಣ್ಣ ರೆಂಬೆಗಳು ಬಿದ್ದಾಗ ಸಂಜೆ ಬಿಸಿಲು ಒಳಗೆ ಇಣುಕಿತು. ಅವಳು ಸ್ಟೂಲು ಪಕ್ಕಕ್ಕೆಳೆದು ಕೂತಳು. ದೊಡ್ಡ ಕೊಂಬೆಯನ್ನು ಅರ್ಧ ಕೊಯ್ದಿದ್ದವನು ಕಿಟಕಿಯತ್ತ ನೋಡಿದ. ಕೋಲು ಇಳಿಸಿಬಿಟ್ಟ.

"ಯಾಕೆ ನಿಲ್ಸಿದ್ರಿ?"

"ಕೈ ನೋಯ್ತಿದೆ ಕಣೇ."

"ಕೈಯಲ್ಲ, ಮೈಗಳ್ಳತನ," ಎಂದಳು, ಪಕ್ಕದ ಮನೆಗೂ ಕೇಳುವಂತೆ. ಅವನು ನಕ್ಕ. ಆ ನಗು ಕಂಡರೇ ಅವಳಿಗೆ ಆಗುತ್ತಿರಲಿಲ್ಲ.

*

"ಇಲ್ಲಿ ಕೊಡಿ," ಎಂದು ಅವಳು ಕೋಲು ಕಿತ್ತುಕೊಂಡು, ಎರಡು ತುಂಡನ್ನು ಒಳಗೆ ತಳ್ಳಿ ಬಿಗಿ ಮಾಡಿದಳು. "ಕೊಂಬೆ ಕೆಳಗೆ ನಿಂತ್ಕೊಂಡು ಏನ್ ನೋಡ್ತೀರಿ? ಸರೀರಿ."

ಮೊದಲು ಕೆಳಗಿನಿಂದ ಒಂದು ಗಾಯ, ಆಮೇಲೆ ಮೇಲಿನಿಂದ ಕೊಯ್ತ. ತೊಗಟೆ ಸೀಳದೆ ಕೊಂಬೆ ನೆಲಕ್ಕೆ ಬಿತ್ತು. ವ್ಯಾನು ಒಳಗೆ ಬಂತು.

"ಹೊದಿಸೋಕೆ ಬಟ್ಟೆ ತಾಮ್ಮ," ಎಂದರು ಭಾವ.

ಬಿಳಿ ಬಟ್ಟೆ ಮಿಷನ್ನಿನ ಮೇಲಿತ್ತು. ಒಳಗೆ ಹೋದವಳ ಕಣ್ಣಿಗೆ, ಕೊಂಬೆಯ ಮರೆಯಿಲ್ಲದ ಕಿಟಕಿಯಿಂದ ಸಂಜೆ ಬಿಸಿಲು ರಾಚಿತು. ಸೂಜಿ ಕಾಣಲಿಲ್ಲ, ಬಟ್ಟೆಯ ಅಂಚು ಕಾಣಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಹೊಲಿದ ಆ ಕಿಟಕಿಗೆ ಪರದೆ ಕಟ್ಟಲು ಒಂದು ಮೊಳೆಯೂ ಇರಲಿಲ್ಲ, ಬೇಕಾಗಿರಲಿಲ್ಲ.

"ದರಿದ್ರ ಮನುಷ್ಯ," ಎಂದಳು. "ಬಾಯಿಬಿಟ್ಟು ಹೇಳೋಕೇನಾಗಿತ್ತು?"

ಹೊರಗಿನಿಂದ ಭಾವ ಮತ್ತೆ ಕೂಗಿದರು. ಅವಳು ಸ್ಟೂಲನ್ನು ಪಕ್ಕಕ್ಕೆಳೆದು ಕೂತಳು. ಅಲ್ಲೂ ಬಿಸಿಲಿತ್ತು.