ಆರಿಸಿಟ್ಟ ಬೀಪರ್

ನನ್ನ ಅಣ್ಣ ಐಲೆರ್ಟ್‌ನಂಥ ಜಿಪುಣ ನಮ್ಮ ಇಡೀ ಲಿಂಗೆನ್ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಬ್ಯಾಟರಿ ಉಳಿಯಲಿ ಎಂದು, ಬೆಟ್ಟದ ಗುಡಿಸಲಲ್ಲಿ ಕಾಫಿ ಕುಡಿಯುವಷ್ಟು ಹೊತ್ತೂ ಎದೆಯ ಮೇಲಿನ ಬೀಪರ್ ಆರಿಸಿಡುತ್ತಾನೆ. ಹಿಮ ಕುಸಿದು ಹೂತುಹೋದವರನ್ನು ಹುಡುಕಲು ಇರುವುದು ಅದು ಕಳಿಸುವ ಸಂಕೇತವೊಂದೇ; ಜೊತೆಗಾರರ ಬೀಪರ್ ಅದನ್ನು ಹಿಡಿದು ಸದ್ದು ಮಾಡಿ, ಎಷ್ಟು ದೂರ ಎಂದು ತೋರಿಸುತ್ತದೆ. ಆ ದಿನ ಬೆಳಿಗ್ಗೆ ಸ್ಕೀ ಕಟ್ಟಿ ಹೊರಡುವಾಗ ಕಾರಿನ ಬಳಿ ಇಬ್ಬರದ್ದನ್ನೂ ಪರೀಕ್ಷಿಸಿದ್ದೆವು. ಕಾಫಿಯಾದ ಮೇಲೆ ಮತ್ತೆ ಯಾರು ನೋಡುತ್ತಾರೆ? ನಾವಂತೂ ನೋಡಲಿಲ್ಲ.

ಕೊರಕಲು ದಾಟುವ ಮುನ್ನ, ಹಿಮ ಜಾರುವುದೇ ಎಂದು ನೋಡಲು ಅಣ್ಣ ಗುಂಡಿ ತೋಡಿದ. ಕಂಬದ ಹಾಗೆ ಹಿಮ ಕಡಿದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ಬಡಿದ. ಮೆಲ್ಲಗೆ ಬಡಿದಾಗ ಏನೂ ಆಗಲಿಲ್ಲ; ತೋಳೆತ್ತಿ ಬಡಿದಾಗ ಮೇಲಿನ ಪದರ ಜಾರಿತು. ಸಾಕಷ್ಟು ಗಟ್ಟಿಯಿದೆ ಎಂದ. ಜಾರಿದ ಜಾಗವನ್ನು ನಾನು ಬೆರಳಿಂದ ಕೆದಕಿದೆ. ಸಕ್ಕರೆಯಂತೆ ಒಂದಕ್ಕೊಂದು ಅಂಟದ ಕಾಳು. ನನಗೆ ಸರಿಕಾಣಲಿಲ್ಲ, ಹೇಳಿದೆ.

“ನಿನ್ ಮಾತು ಕೇಳಿದ್ರೆ ಸ್ಕೀ ಮಾರಿ ಮನೇಲಿ ಕಾಲುಚೀಲ ಹೆಣೀಬೇಕು ಕಣೇ ಸಿಗ್ನೆ,” ಎಂದು ನಕ್ಕು ಹೊರಟೇಬಿಟ್ಟ.

ಒಬ್ಬರು ದಾಟುವಾಗ ಇನ್ನೊಬ್ಬರು ಕಣ್ಣು ಕೀಳದೆ ನೋಡಬೇಕು. ಅವನು ಇಳಿಜಾರಿನ ನಡುವಿಗೆ ಬಂದಿದ್ದ, ಆಗ ನನ್ನ ಕಾಲಡಿಯ ಹಿಮ ಧಪ್ಪೆಂದು ಕುಗ್ಗಿತು. ಒಳಗಿನ ಪದರ ಮುರಿದ ಸದ್ದು ಅದು. ಗಡಬಡಿಸಿ ನನ್ನ ಬೀಪರನ್ನು ಹುಡುಕಾಟಕ್ಕೆ ತಿರುಗಿಸಿದೆ. ಕಲ್ಲೆಸೆಯುವಷ್ಟು ದೂರದಲ್ಲಿದ್ದಾನೆ, ಎಷ್ಟು ಮೀಟರ್ ಎಂದು ಬರಲೇಬೇಕು. ಪರದೆ ಖಾಲಿ.

ಗುಡಿಸಲಲ್ಲಿ ಆರಿಸಿದವನು ಮತ್ತೆ ಹಾಕಿಯೇ ಇರಲಿಲ್ಲ, ಪಾಪಿ!

ಕೂಗಿದರೆ ಅಲ್ಲೇ ನಿಂತು ಜಾಕೆಟ್ ಬಿಚ್ಚುತ್ತಾನೆ. ಅದು ನಿಲ್ಲುವ ಜಾಗವಲ್ಲ. ಬಾಯಿಗೆ ಕೈಗವಸು ತುರುಕಿಕೊಂಡು ನಿಂತೆ. ಈಗ ಹಿಮ ಜಾರಿದರೆ ಅವನು ಎಲ್ಲಿ ಮುಳುಗಿದ ಎಂದು ಹೇಳಲು ನನ್ನ ಕಣ್ಣು ಬಿಟ್ಟರೆ ಬೇರೇನೂ ಇಲ್ಲ. ಕರಿಬಂಡೆಯ ಪಕ್ಕ ಇದ್ದಾನೆ. ಈಗ ಕುಳ್ಳ ಬರ್ಚ್ ಮರದ ಮೇಲ್ಗಡೆ. ರೆಪ್ಪೆ ಬಡಿಯಲೂ ಭಯ. ಅಮ್ಮನಿಗೆ ಏನು ಹೇಳಲಿ ಎಂಬ ಯೋಚನೆಯೂ ಬಂದುಹೋಯಿತು.

ದಾಟಿದ. ಆಚೆಯ ಬಂಡೆಯ ಮೇಲೆ ನಿಂತು ಕೋಲೆತ್ತಿ, ಬಾ ಎಂದ. ಆಗ ಕೂಗಿ ಹೇಳಿದೆ. ಜಾಕೆಟ್ ಬಿಚ್ಚಿ ನೋಡಿ, ಬೀಪರ್ ಹಾಕಿದ. ಆಮೇಲೆ ನನ್ನ ಬೀಪರ್ ಸದ್ದು ಮಾಡಿತು.

“ಬರಬೇಡ,” ಎಂದು ಕೂಗಿದ. “ಇದನ್ನೇ ಮರ್ತೋನು, ಹಿಮ ಏನ್ ನೋಡಿರ್ತೀನಿ? ನೀನು ಬಂದ ದಾರೀಲೇ ಇಳಿ. ನಾನು ಬಂಡೆ ಮೇಲಿಂದ ಸುತ್ತಿ ಬರ್ತೀನಿ.”

ಕಾರಿನ ಬಳಿ ಕಾದು ಕಾದು ಸಾಕಾಯಿತು. ಬಂದ ಕೂಡಲೇ ಉಗಿಯಬೇಕು ಎಂದುಕೊಂಡಿದ್ದೆ. ಬಂದಾಗ ಅವನ ಕೈಯಿಂದ ಸ್ಕೀ ತೆಗೆದುಕೊಂಡು ಕಾರಿನಲ್ಲಿಟ್ಟೆ.

ಮನೆಯಲ್ಲಿ ಅಮ್ಮ ಬೇಯಿಸಿದ ಕಡಲಿನ ಕಾಡ್ ಮೀನು, ಆಲೂಗಡ್ಡೆ ಬಡಿಸಿದಳು. ಅಣ್ಣ ಜಾಕೆಟ್ ತೆಗೆದಿದ್ದ, ಬೀಪರ್ ಬಿಚ್ಚಿರಲಿಲ್ಲ. ಎದೆಯ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಊಟಕ್ಕೂ ಬೇಕೇನೋ ಅದು, ಬ್ಯಾಟರಿ ದಂಡ ಅಲ್ವಾ ಎಂದು ಅಮ್ಮ ಕೇಳಿದಳು.

“ಇರ್ಲಿ ಬಿಡಮ್ಮ,” ಎಂದ.

ನಾನು ನನ್ನ ಬೀಪರನ್ನು ಹುಡುಕಾಟಕ್ಕೆ ತಿರುಗಿಸಿ ಮೇಜಿನಡಿ ಹಿಡಿದು, ಸದ್ದು ಕೇಳದಂತೆ ಅಂಗೈಯಲ್ಲಿ ಅಮುಕಿ ನೋಡಿದೆ. ಒಂದು ಮೀಟರ್. ಊಟ ಮುಗಿಯುವವರೆಗೂ ನೋಡುತ್ತಲೇ ಇದ್ದೆ.